ದಿನ್ನೆಗೆ ಹಚ್ಚಿದ ಪಾಳಿ

ಗಾಳಿಹಾಳದ ಹಿಂಬದಿಗೆ ಊರಿಗಿಂತ ದೊಡ್ಡದೊಂದು ದಿನ್ನೆ ಇದೆ. ಅಲ್ಲೊಂದು ಇಲ್ಲೊಂದು ಬಂಡೆ, ಎರಡು ಜಾಲಿ ಗಿಡ ಬಿಟ್ಟರೆ ತಲೆಯಿಂದ ಬುಡದವರೆಗೆ ಬರೀ ಹುಲ್ಲು. ಇರಕಲ್ಲಗಡದ ಕಡೆಯಿಂದ ಬಸ್ಸಿನಲ್ಲಿ ಬರುವವರಿಗೆ ಮೊದಲು ಅದೇ ಕಾಣುತ್ತದೆ. ಊರು ಅದರ ಬೆನ್ನಿಗೆ ಕೂತು ಯಾರಿಗೋ ಕಾಯುತ್ತಿರುವಂತೆ ಆಮೇಲೆ ಕಾಣುತ್ತದೆ. ಕಾಗದಪತ್ರದಲ್ಲಿ ಅದರ ಹೆಸರು ಗಾಯರಾಣ, ಅಂದರೆ ಊರ ದನಕರು ಮೇಯಲೆಂದು ಬಿಟ್ಟ ನೆಲ. ಒಬ್ಬರದೂ ಅಲ್ಲದ ನೆಲವಾದ್ದರಿಂದ ಅದು ತನ್ನದೇ ಎಂದು ಊರಿನ ಪ್ರತಿಯೊಬ್ಬರೂ ತಿಳಿದುಕೊಂಡಿದ್ದರು.

ಶಾಹಜಾದಬಿಯೂ ಹಾಗೆ ತಿಳಿದವಳೇ. ಆದರೆ ಅವಳು ಅದನ್ನು ಬಾಯಿಬಿಟ್ಟು ಹೇಳಿದವಳಲ್ಲ. ಅವಳ ಗಂಡ ಮೌಲಾಹುಸೇನ ಗಾದಿ ಹೊಲಿಯುವವನು. ಅವನ ದುಡಿಮೆಯಲ್ಲಿ ಮನೆ ನಡೆಯುತ್ತಿತ್ತು; ಕೊಪ್ಪಳದಲ್ಲಿ ನರ್ಸಿಂಗ್ ಓದುತ್ತಿದ್ದ ಮಗಳು ಶಮಾಳ ಓದು ಮಾತ್ರ ನಡೆಯುತ್ತಿದ್ದುದು ಆಡುಗಳ ಮೇಲೆ. ಮಗಳು ಕಾಲೇಜಿಗೆ ಸೇರಿದ ದಿನ ಒಂದು ಆಡು ಸಂತೆಗೆ ಹೋಯಿತು. ಅಂದಿನಿಂದ ಆ ಮನೆಯಲ್ಲಿ ಆಡುಗಳಿಗೆ ಹೆಸರಿಡುವ ರೀತಿಯೇ ಬದಲಾಯಿತು. ಯಾವ ಆಡು ಯಾವ ಖರ್ಚಿಗೆ ಎಂದು ಗೊತ್ತಾಗುತ್ತದೋ ಅದೇ ಅದರ ಹೆಸರು. ಈಗ ಉಳಿದವು ನಾಲ್ಕು: ಹಾಸ್ಟೆಲ್, ಪರೀಕ್ಷಿ, ಯೂನಿಫಾರ್ಮ್, ಮತ್ತು ಇನ್ನೂ ತಾಯಿಯ ಹಾಲು ಕುಡಿಯುವ ಮರಿ, ಸರ್ಟಿಫಿಕೇಟ್. ಓದು ಮುಗಿಯಲು ಇನ್ನೂ ಒಂದೂವರೆ ವರ್ಷವಿತ್ತು. ಅಷ್ಟು ದಿನ ಇವು ನಾಲ್ಕೂ ಹೊಟ್ಟೆ ತುಂಬ ಮೇಯಬೇಕು, ಮೇಯಲು ದಿನ್ನೆ ಬೇಕು. ಶಾಹಜಾದಬಿಯ ಲೆಕ್ಕ ಇಷ್ಟೇ.

ದಿನ್ನೆಯ ಮೇಲೆ ಆಡುಗಳಷ್ಟೇ ಇದ್ದಿದ್ದರೆ ಕತೆ ಇರುತ್ತಿರಲಿಲ್ಲ. ನಿವೃತ್ತ ಹೆಡ್‌ಮಾಸ್ತರ ವಿರೂಪಾಕ್ಷಪ್ಪನವರಿಗೆ ಸಕ್ಕರೆ ಕಾಯಿಲೆ. ಬೆಳಗ್ಗೆ ಸಂಜೆ ಅಲ್ಲಿ ಕೋಲು ಬೀಸಿಕೊಂಡು ನಡೆಯುತ್ತಿದ್ದರು. ಪಂಪಾಪತಿ ಟ್ರ್ಯಾಕ್ಟರ್ ತುಂಬ ಮೆಕ್ಕೆಜೋಳ ತಂದು ಅಲ್ಲೇ ಒಣಹಾಕುತ್ತಿದ್ದ. ಹಬ್ಬ ಹತ್ತಿರ ಬಂತೆಂದರೆ ಭವಾನಿ ತನ್ನ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಇಡೀ ಮನೆಯ ಕೌದಿಗಳನ್ನು ಒಗೆದು ಅಲ್ಲೇ ಹರವುತ್ತಿದ್ದಳು. ಮೊಬೈಲ್ ರಿಪೇರಿ ಅಂಗಡಿಯ ತೌಸೀಫ ಹನ್ನೊಂದು ಜನರ ಕ್ರಿಕೆಟ್ ತಂಡ ಕಟ್ಟಿದ್ದ. ಅವನು ಹೊಡೆದ ಚೆಂಡು ಜೋಳದೊಳಗೆ ಬೀಳುವುದು, ಅದನ್ನು ಹುಡುಕುವವರು ಕೌದಿ ತುಳಿಯುವುದು, ಕೌದಿ ಕಾಯುವ ಹೆಂಗಸು ಎಸೆದ ಕಲ್ಲಿಗೆ ಬೆದರಿ ಆಡು ಓಡುವುದು, ಓಡಿದ ಆಡು ಮಾಸ್ತರರ ಧೋತರಕ್ಕೆ ಬಾಯಿ ಹಾಕುವುದು, ಇದೆಲ್ಲ ಒಂದೇ ಸಂಜೆಯಲ್ಲಿ ಆಗಿಹೋಗುತ್ತಿತ್ತು.

ಮೊದಲೆಲ್ಲ ಜನ ಬಾಯಿಂದ ಬೈದುಕೊಂಡು ಮನೆಗೆ ಹೋಗುತ್ತಿದ್ದರು. ಮಾಸ್ತರರು ಊರ ಶಾಲೆಯಿಂದ ನಿವೃತ್ತರಾದ ಮೇಲೆ ಊರಿಗೆ ಅರ್ಜಿ ಬರೆಯುವ ಚಟ ಹತ್ತಿತು. ತಮ್ಮ ಅರ್ಜಿಯನ್ನು ಅವರು ಬರೆಯುತ್ತಿದ್ದರು, ತಮ್ಮ ಮೇಲಿನ ಅರ್ಜಿಯನ್ನೂ ಕೇಳಿದವರಿಗೆ ಅವರೇ ಬರೆದುಕೊಡುತ್ತಿದ್ದರು. ಅಕ್ಷರ ಚೆಂದ ಬರುತ್ತಿತ್ತಲ್ಲ, ಅದಕ್ಕೆ.

ಒಂದು ಗುರುವಾರ ಪಂಚಾಯಿತಿಯ ಪಿಡಿಒ ಮೇಡಂ ಎಲ್ಲರನ್ನೂ ಕರೆಸಿದರು. ಗಂಗಾವತಿ ಕಡೆಯ ಹೆಣ್ಣುಮಗಳು, ಈ ಊರಿಗೆ ಬಂದು ನಾಲ್ಕು ತಿಂಗಳಾಗಿತ್ತು. ಮೇಜಿನ ಮೇಲೆ ಕಾಗದದ ಗುಡ್ಡೆ.

"ಒಂದ ತಿಂಗಳದಾಗ ಹದಿನೇಳು ಅರ್ಜಿ ಬಂದಾವ. ನಾ ನಿಮ್ಮ ಅರ್ಜಿ ಓದಲ್ಯೋ, ಸರಕಾರದ ಕೆಲಸ ಮಾಡಲ್ಯೋ?" ಎಂದು ಒಂದು ಕಾಗದ ಎತ್ತಿದರು. "ಇದನ್ನ ಯಾರ ಬರದೀರಿ? 'ದಿನಾಂಕ ಹನ್ನೊಂದರಂದು ಮುಂಜಾನೆ ನಾನು ನಡೆಯುವಾಗ ಹಾಸ್ಟೆಲ್ ಎದುರಿನಿಂದ ಓಡಿ ಬಂದು ನನ್ನನ್ನು ಕೆಡವಿತು.' ಹಾಸ್ಟೆಲ್ ಹೆಂಗ ಓಡಿ ಬರ್ತೈತ್ರಿ?"

"ಅದು ಆಡು ರೀ ಮೇಡಂ," ಎಂದರು ಮಾಸ್ತರರು ಗಂಭೀರವಾಗಿ. "ಅದರ ಹೆಸರು ಹಂಗ ಐತ್ರಿ. ಅರ್ಜಿಯೊಳಗ ಹೆಸರು ಸ್ಪಷ್ಟ ಇರಬೇಕಲ್ರಿ."

ಮೇಡಂ ಕಣ್ಣು ಮುಚ್ಚಿ ತೆರೆದರು. ಕಿಟಕಿಯ ಹೊರಗೆ ಗೋಡೆಗೆ ಒರಗಿಸಿಟ್ಟ ಮುಳ್ಳುತಂತಿಯ ಸುರುಳಿಗಳನ್ನು ತೋರಿಸಿದರು. "ತಂತಿ ಬಂದ ಬಿದ್ದೈತಿ. ಮುಂದಿನ ಗುರುವಾರ ನಾ ದಿನ್ನಿಗೇ ಬರ್ತೀನಿ. ಅಷ್ಟರಾಗ ನೀವ ಒಂದ ಸಮಿತಿ ಮಾಡ್ಕೊಂಡು ಹೊಂದಾಣಿಕಿ ಮಾಡ್ಕೋರಿ. ಅವತ್ತ ನನ್ನ ಕೈಯಾಗ ಹದಿನೆಂಟನೇ ಅರ್ಜಿ ಬಿತ್ತು ಅಂದ್ರ ಸುತ್ತ ಬೇಲಿ, ಗೇಟು, ಕೀಲಿ. ಆಡೂ ಇಲ್ಲ, ಆಟನೂ ಇಲ್ಲ."

ಅಧ್ಯಕ್ಷ ಯಾರಾಗಬೇಕು ಎಂದಾಗ ಎಲ್ಲರೂ ಹಿಂದೆ ಸರಿದರು. ಅಧ್ಯಕ್ಷರಾದವರು ಅರ್ಜಿ ಕೊಡುವಂತಿಲ್ಲ ಎಂದು ಮೇಡಂ ಹೇಳಿಬಿಟ್ಟಿದ್ದರು. ಶಾಹಜಾದಬಿ ಅಲ್ಲಿ ಬಂದು ನಿಂತಿದ್ದು ರೇಷನ್ ಕಾರ್ಡಿನಲ್ಲಿ ಮಗಳ ಹೆಸರು ತಪ್ಪಾಗಿದ್ದನ್ನು ತಿದ್ದಿಸಲಿಕ್ಕೆ. ಮೇಡಂ ಅರ್ಜಿಗಳನ್ನೆಲ್ಲ ಮಗುಚಿ ನೋಡಿ, "ಇದರಾಗ ಹನ್ನೊಂದು ಅರ್ಜಿ ನಿಮ್ಮ ಮ್ಯಾಲೇ ಅದಾವ. ನೀವು ಬರದದ್ದು ಒಂದೂ ಇಲ್ಲ. ನೀವ ಅಧ್ಯಕ್ಷರು," ಎಂದರು.

"ನಾ ರೇಷನ್ ಕಾರ್ಡಿಗೆ ಬಂದೀನ್ರಿ," ಎಂದಳು ಶಾಹಜಾದಬಿ.

"ಅದೂ ಆಗ್ತೈತಿ, ತಗೋರಿ."

ಮನೆಗೆ ಬಂದು ಹೇಳಿದಾಗ ಮೌಲಾಹುಸೇನ ಹತ್ತಿ ಬಿಡಿಸುವುದನ್ನು ನಿಲ್ಲಿಸಿ ನಕ್ಕಿದ್ದೇ ನಕ್ಕಿದ್ದು. ಮೀಸೆಯ ಮೇಲೆ ಕೂತಿದ್ದ ಹತ್ತಿಯೆಲ್ಲ ಹಾರಿತು. "ಮನ್ಯಾಗ ನಾಕ ಆಡು ನಿನ್ನ ಮಾತ ಕೇಳಂಗಿಲ್ಲ. ಇನ್ನ ಊರು ಕೇಳತೈತೇನ?"

"ಬೇಲಿ ಬಿದ್ರ ನಾಕೂ ಸಂತಿಗೆ ಹೋಗ್ತಾವ. ಶಮಾ ಮನಿಗೆ ಬರ್ತಾಳ. ಆವಾಗ ನೀವೊಬ್ರ ನಗತೀರಿ," ಎಂದಳು ಅವಳು. ಅವನು ನಗುವುದನ್ನು ನಿಲ್ಲಿಸಿ ಮತ್ತೆ ಹತ್ತಿ ಬಿಡಿಸತೊಡಗಿದ.

ಸಮಿತಿಯ ಮೊದಲ ಸಭೆಯಲ್ಲಿ ಮಾಸ್ತರರು ಶಾಲೆಯ ಹಾಗೆ ವೇಳಾಪಟ್ಟಿ ಬರೆದು ತಂದರು. ಆರರಿಂದ ಏಳು ನಡಿಗೆ, ಏಳರಿಂದ ಒಂಬತ್ತು ಆಡು, ಒಂಬತ್ತರಿಂದ ಹನ್ನೆರಡು ಜೋಳ, ಮೂರರವರೆಗೆ ಕೌದಿ, ಆಮೇಲೆ ಕ್ರಿಕೆಟ್. ನೋಡಲು ಬಲು ಚೆಂದವಿತ್ತು. ಕೆಂಪು ಗೆರೆ ಬೇರೆ ಎಳೆದಿದ್ದರು. ಅದು ಎರಡು ದಿನ ಬಾಳಿತು. ಹನ್ನೆರಡಕ್ಕೆ ಸರಿಯಾಗಿ ಭವಾನಿ ಹಸಿ ಕೌದಿ ಹೊತ್ತು ಬಂದರೆ, ಪಂಪಾಪತಿಯ ಜೋಳ ಇನ್ನೂ ಅರ್ಧ ಕೂಡ ಒಣಗಿರಲಿಲ್ಲ.

"ಹನ್ನೆರಡಾತಲ್ಲ, ಬಳದ ತುಂಬು ನಿನ್ನ ಜ್ವಾಳಾ," ಎಂದಳು ಅವಳು.

"ಗಡಿಯಾರ ನೋಡಿ ಒಣಗಾಕ ಅದೇನ್ ಸಾಲಿ ಹುಡುಗೇನ?" ಎಂದ ಪಂಪಾಪತಿ.

"ಹಂಗಾರ ನನ್ನ ಕೌದಿ ನಿನ್ನ ಜ್ವಾಳದ ಮ್ಯಾಲೇ ಹಾಸ್ತೀನಿ."

ಹಾಸಿಯೂ ಬಿಟ್ಟಳು. ಮೂರು ಗಂಟೆಗೆ ತೌಸೀಫನ ತಂಡ ಬಂತು. ಆಗ ಏನೇನಾಯಿತು ಎಂಬುದನ್ನು ಹೇಳುವುದಕ್ಕಿಂತ ಬಿಡುವುದೇ ವಾಸಿ. ಅಂದು ಸಂಜೆ ಮಾಸ್ತರರ ಕಟ್ಟೆಯ ಮೇಲೆ ಮೂವರು ಅರ್ಜಿ ಬರೆಸಲು ಕೂತಿದ್ದರು. ಶಾಹಜಾದಬಿ ಓಡಿಹೋಗಿ ಒಬ್ಬೊಬ್ಬರ ಕೈ ಹಿಡಿದು ಎಬ್ಬಿಸಿ, "ನಾಳಿಗೆ ಇನ್ನೊಂದ ಸಲ ಕೂಡೂಣು, ನಾಳಿಗೆ ಒಂದ ಸಲ," ಎಂದು ಮನೆಗೆ ಕಳಿಸಿದಳು.

ರಾತ್ರಿಯಿಡೀ ಯೋಚಿಸಿದವಳಿಗೆ ಬೆಳಗ್ಗೆ ನಳದ ಮುಂದೆ ನಿಂತಾಗ ಹೊಳೆಯಿತು. ಗಾಳಿಹಾಳದಲ್ಲಿ ನಳ ಬರುವುದು ನಾಲ್ಕು ದಿನಕ್ಕೊಮ್ಮೆ. ಆದರೆ ಅಲ್ಲಿ ಯಾರೂ ಪಾಳಿಯಲ್ಲಿ ನಿಲ್ಲುವುದಿಲ್ಲ, ಕೊಡಗಳು ನಿಲ್ಲುತ್ತವೆ. ಕೊಡ ಇಲ್ಲದವರು ಬಕೆಟ್ ಇಡುತ್ತಾರೆ, ಅದೂ ಇಲ್ಲದವರು ಒಂದು ಕಲ್ಲು, ಹರಿದ ಚಪ್ಪಲಿ. ಇಟ್ಟು ಹೊಲಕ್ಕೆ ಹೋಗಲಿ, ಮದುವೆಗೆ ಹೋಗಲಿ, ಆ ವಸ್ತುವನ್ನು ಯಾರೂ ಒಂದು ಬೆರಳು ಸರಿಸುವುದಿಲ್ಲ. ಮನೆ ಪಾಲಾಗಿ ಎಂಟು ವರ್ಷದಿಂದ ಮಾತು ಬಿಟ್ಟ ಅಣ್ಣತಮ್ಮಂದಿರ ಕೊಡಗಳು ಕೂಡ ಅಲ್ಲಿ ಕೆನ್ನೆಗೆ ಕೆನ್ನೆ ಹಚ್ಚಿ ನಿಂತಿರುತ್ತಿದ್ದವು. ಆ ಊರಲ್ಲಿ ಮನುಷ್ಯನಿಗಿಲ್ಲದ ಮರ್ಯಾದೆ ಕೊಡಕ್ಕಿತ್ತು.

"ನಳದ ಮುಂದ ಹೆಂಗ ಮಾಡ್ತೀವಿ, ದಿನ್ನಿ ಮ್ಯಾಲೂ ಹಂಗ ಮಾಡೂಣು," ಎಂದಳು ಮಂಗಳವಾರದ ಸಭೆಯಲ್ಲಿ. "ಯಾರಿಗೆ ಎಷ್ಟ ಜಾಗ ಬೇಕು, ಅಲ್ಲಿ ಒಂದ ಸಾಮಾನ ಇಡ್ರಿ. ಇಟ್ಟವರದ್ದು ಪಾಳಿ. ಅವರು ತಗ್ಯೂತನಕ ಮತ್ತೊಬ್ಬರು ಮುಟ್ಟಂಗಿಲ್ಲ."

ಎಲ್ಲರ ಮುಖ ಅರಳಿತು. "ಖಾಲಾ, ಇಷ್ಟ ಸರಳ ಇತ್ತಲ್ಲ ಇದು!" ಎಂದ ತೌಸೀಫ. ಮಾಸ್ತರರು ಕೂಡ ವೇಳಾಪಟ್ಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡರು. ಅಂದು ಶಾಹಜಾದಬಿ ಮನೆಗೆ ಹೋಗಿ ಗಂಡನಿಗೆ ಎರಡು ರೊಟ್ಟಿ ಹೆಚ್ಚು ಬಡಿದು ಹಾಕಿದಳು.

ಬುಧವಾರ ಬೆಳಗ್ಗೆ ಆಡು ಹೊಡೆದುಕೊಂಡು ದಿನ್ನೆಯ ಬುಡಕ್ಕೆ ಬಂದವಳು ಅಲ್ಲೇ ನಿಂತಳು.

ಹುಲ್ಲು ಕಾಣುತ್ತಿರಲಿಲ್ಲ. ಕೊಡಗಳು, ಬಕೆಟ್‌ಗಳು, ಪುಟ್ಟಿಗಳು, ಮೂರು ಕಾಲಿನ ಕುರ್ಚಿ, ಗಾಲಿಯಿಲ್ಲದ ಸೈಕಲ್ಲು, ಹೊಟ್ಟೆಯೊಡೆದ ಟಿ.ವಿ., ಯಾರದೋ ಮನೆಯ ತೊಟ್ಟಿಲು. ಸಾಲು ಸಾಲಾಗಿ ಚಪ್ಪಲಿಗಳು, ಜೋಡಿಯಾಗಿ ಅಲ್ಲ, ಒಂದೊಂದೇ. ಎಡಗಾಲಿನದು ಇಲ್ಲಿ, ಬಲಗಾಲಿನದು ಅಷ್ಟು ದೂರ, ಎರಡು ಜಾಗ ಆಗಲೆಂದು. ಹುಟ್ಟಿದಾಗಿನಿಂದ ದಿನ್ನೆ ಹತ್ತದವರೂ ಇಟ್ಟಿದ್ದರು. ಬಾಣಂತನಕ್ಕೆ ಬಂದ ಹೆಣ್ಣುಮಗಳೊಬ್ಬಳ ಹೆಸರಿನಲ್ಲೂ ಒಂದು ತಂಬಿಗೆ ಇತ್ತು. ಮಾಸ್ತರರು ಛತ್ರಿಯನ್ನು ಮೇಲ್ಗಡೆ, ಕೋಲನ್ನು ನಡುವೆ, ಕೈಚೀಲವನ್ನು ಕೆಳಗೆ ಇಟ್ಟು ಮೂರು ಜಾಗ ಹಿಡಿದಿದ್ದರು. ನಡಿಗೆ ಎಂದರೆ ಒಂದೇ ಕಡೆ ನಿಲ್ಲುವುದಲ್ಲವಲ್ಲ. ಊರು ಊರೇ ಮನೆ ಖಾಲಿ ಮಾಡಿ ಎಲ್ಲಿಗೋ ಹೊರಟು, ದಿನ್ನೆಯ ಮೇಲೆ ಸಾಮಾನು ಇಳಿಸಿದಂತೆ ಇತ್ತು.

ಅದಕ್ಕಿಂತ ಸೋಜಿಗವೆಂದರೆ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಜಾಗ ಹಿಡಿದಾಯಿತಲ್ಲ ಎಂದು ಎಲ್ಲರೂ ನೆಮ್ಮದಿಯಿಂದ ಮನೆಯಲ್ಲಿ ಕೂತಿದ್ದರು. ಊರ ತುಂಬ ಜನ ಬರಿಗಾಲಲ್ಲಿ ಓಡಾಡುತ್ತಿದ್ದರು. ನೀರು ಸೇದಲು ಕೊಡವಿಲ್ಲದೆ ಭವಾನಿಯ ಮನೆಯಲ್ಲಿ ಕುಕ್ಕರಿನಲ್ಲಿ ನೀರು ತರುತ್ತಿದ್ದರು.

ಪಂಪಾಪತಿ ಒಬ್ಬನೇ ದಿನ್ನೆಯ ಬುಡದಲ್ಲಿ, ಹಸಿ ಜೋಳ ತುಂಬಿದ ಟ್ರ್ಯಾಕ್ಟರಿನ ಮೇಲೆ ಕೂತಿದ್ದ. ಮೇಲ್ಗಡೆ ಅವನೂ ಒಂದು ಹಗ್ಗ ಇಟ್ಟು ದೊಡ್ಡ ಜಾಗ ಹಿಡಿದಿದ್ದ. ಆದರೆ ಅಲ್ಲಿಗೆ ಟ್ರ್ಯಾಕ್ಟರ್ ಹೋಗಲು ದಾರಿ ಇರಲಿಲ್ಲ. ದಾರಿಯ ತುಂಬ ಕೊಡಗಳು. ಕೊಡ ಸರಿಸುವ ಧೈರ್ಯ ಅವನಿಗಿರಲಿಲ್ಲ.

"ಏನ್ ಮಾಡಿದಿ ಯವ್ವಾ ಇದನ್ನ?" ಎಂದ ಅವನು ಅಳುವ ದನಿಯಲ್ಲಿ.

ಆಡುಗಳು ಕೊಡಗಳ ಸಂದಿಯಲ್ಲಿ ಬಾಯಿ ತೂರಿಸಿ ನೋಡಿದವು. ಹಾಸ್ಟೆಲ್‌ಗೆ ಒಂದು ಚಪ್ಪಲಿ ಸಿಕ್ಕಿತು. ಅದನ್ನು ಬಿಡಿಸಲು ಹೋದ ಶಾಹಜಾದಬಿ ಎದುರಿಗಿದ್ದುದನ್ನು ನೋಡಿ ಆಡನ್ನೇ ಬಿಟ್ಟಳು. ಅವಳದೇ ಮನೆಯ ಮಲಗುವ ಹೊರಸು ಅಲ್ಲಿ ನಾಲ್ಕು ಕಾಲೂರಿ ನಿಂತಿತ್ತು.

"ಎಲ್ಲಾರೂ ಇಟ್ಟಾರ. ನಾವೇನ ಕಮ್ಮಿ?" ಎಂದ ಮೌಲಾಹುಸೇನ, ಅವಳು ಮನೆಗೆ ಹೋಗಿ ಕೇಳಿದಾಗ. "ಅಧ್ಯಕ್ಷರ ಮನೀದ ಒಂದೂ ಇಲ್ಲಂದ್ರ ಊರ ಮುಂದ ಏನ ಮಾನ?"

"ನಾಳೆ ಮೇಡಂ ಬರ್ತಾರ. ಇದನ್ನ ನೋಡಿ ಇಲ್ಲಿ ಕಸ ಒಗಿಯಾಕ ಹತ್ಯಾರಂತ ನಾಳೇನ ಬೇಲಿ ಹಾಕ್ತಾರ. ನಡೀರಿ, ಹೊರಸ ತರೂಣು."

ಗಂಡ ಹೆಂಡತಿ ಆ ಕಡೆ ಈ ಕಡೆ ಹಿಡಿದು ಹೊರಸನ್ನು ಹೊತ್ತು ತಂದರು. ಅಧ್ಯಕ್ಷರೇ ತೆಗೆದದ್ದು ನೋಡಿ ಉಳಿದವರೂ ತೆಗೆಯುತ್ತಾರೆ ಎಂದು ಅವಳ ಆಸೆ. ತಿರುಗಿ ನೋಡಿದರೆ ಹೊರಸಿನ ಜಾಗದಲ್ಲಿ ಆಗಲೇ ಎರಡು ಬಕೆಟ್, ಒಂದು ರುಬ್ಬುಗುಂಡು.

ಮಧ್ಯಾಹ್ನದ ತನಕ ಮನೆಮನೆಗೆ ಹೋಗಿ ಕೇಳಿದಳು. ಭವಾನಿ, "ಮೊದಲ ಆ ಪಂಪಣ್ಣನ ಹಗ್ಗ ತಗಸು, ಆಮ್ಯಾಲ ನಂದು," ಎಂದಳು. ಪಂಪಾಪತಿ, "ತೌಸೀಫನ ಬ್ಯಾಟು ಹೋಗ್ಲಿ," ಎಂದ. ತೌಸೀಫ, "ಖಾಲಾ, ಮಾಸ್ತರ್ದು ಮೂರ ಅದಾವ, ನಂದು ಬರೇ ಹನ್ನೊಂದು," ಎಂದ. ಮಾಸ್ತರರು ಕಟ್ಟೆಯ ಮೇಲೆ ಕೂತು ಏನೋ ಬರೆಯುತ್ತಿದ್ದರು. ಅವಳನ್ನು ಕಂಡದ್ದೇ ಕಾಗದ ಮಡಚಿ ಅಂಗಿಯ ಮೇಲುಕಿಸೆಗೆ ತುರುಕಿದರು.

"ಅದೇನ್ರಿ ಮಾಸ್ತರ್ರ?"

"ಏನಿಲ್ಲ ತಗಿ. ನನ್ನ ಮೂರ ಜಾಗಕ್ಕ ಖಾಯಂ ಹಕ್ಕು ಬೇಕಂತ ಒಂದ ಸಣ್ಣ ವಿನಂತಿ."

"ಅದು ಅರ್ಜಿ ಅಲ್ಲೇನ್ರಿ?"

"ವಿನಂತಿ ಅಂದ್ರ ವಿನಂತಿ. ಮ್ಯಾಲ ಅರ್ಜಿ ಅಂತ ಬರದಿರತೈತಿ, ಅಷ್ಟ."

ಹದಿನೆಂಟನೇ ಅರ್ಜಿ ಆ ಕಿಸೆಯಲ್ಲಿದೆ ಎಂದು ಶಾಹಜಾದಬಿಗೆ ತಿಳಿಯಿತು. ಮನೆಗೆ ಬಂದು ಹಸಿದ ಆಡುಗಳಿಗೆ ನಾಲ್ಕು ಸೊಪ್ಪು ಹಾಕಿ ಹಿತ್ತಲಲ್ಲಿ ಕೂತಳು. ಮರಿ ಸರ್ಟಿಫಿಕೇಟ್ ಬಂದು ಅವಳ ಸೆರಗು ಚೀಪತೊಡಗಿತು. ಬೈಯಬೇಕೆನಿಸಲಿಲ್ಲ. ನಳದ ಮುಂದೆ ಇಷ್ಟು ವರ್ಷ ನಡೆದದ್ದು ದಿನ್ನೆಯ ಮೇಲೆ ಯಾಕೆ ನಡೆಯಲಿಲ್ಲ? ಅಲ್ಲಿಯೂ ಇದೇ ಕೊಡ, ಇದೇ ಜನ. ಯೋಚಿಸುತ್ತ ಯೋಚಿಸುತ್ತ ಅವಳಿಗೆ ತನ್ನ ತಪ್ಪು ತಿಳಿಯಿತು. ನಳದ ಮುಂದೆ ಕೊಡ ಎಷ್ಟು ದಿನ ಬೇಕಾದರೂ ನಿಲ್ಲಬಹುದು, ಆದರೆ ನೀರು ಬಂದಾಗ ಕೊಡದ ಹಿಂದೆ ಮನುಷ್ಯ ಇರಬೇಕು. ಇಲ್ಲದಿದ್ದರೆ ಆ ಕೊಡವನ್ನು ದಾಟಿ ಮುಂದಿನವರು ಹಿಡಿದುಕೊಳ್ಳುತ್ತಾರೆ. ದಿನ್ನೆಯ ಮೇಲೆ ಯಾರೂ ಯಾವತ್ತೂ ಬರಬೇಕಾಗಿರಲಿಲ್ಲ.

ಅವಳು ಎದ್ದು ತೌಸೀಫನ ಅಂಗಡಿಗೆ ಹೋದಳು. ದೀಪ ಹಚ್ಚುವ ಹೊತ್ತಿಗೆ ಅವನ ಬೈಕಿನ ಮೇಲಿನ ಸ್ಪೀಕರ್ ಓಣಿ ಓಣಿಯಲ್ಲಿ ಕೂಗುತ್ತಿತ್ತು: "ನಾಳೆ ಮುಂಜಾನೆ ಏಳು ಗಂಟೆಗೆ ದಿನ್ನಿ ಮ್ಯಾಲ ಎಲ್ಲಾರ ಪಾಳಿ ಬರತೈತಿ. ತಮ್ಮ ತಮ್ಮ ಸಾಮಾನಿನ ಹಂತ್ಯಾಕ ಬಂದು ನಿಂದರಬೇಕು. ಬರಲಾರದವರ ಪಾಳಿ ಹೋತು. ನೋಡ್ರಿ, ಬರಲಾರದವರ ಪಾಳಿ ಹೋತು!"

ಪಾಳಿ ಹೋಗುತ್ತದೆ ಎಂದರೆ ಗಾಳಿಹಾಳದವರು ಹೆಣ ಬಿಟ್ಟಾದರೂ ಬರುವವರು. ಗುರುವಾರ ಏಳಕ್ಕೆ ಮೊದಲೇ ಇಡೀ ಊರು ದಿನ್ನೆಯ ಮೇಲಿತ್ತು. ಕೊಡದ ಪಕ್ಕ ಒಬ್ಬರು, ಬಕೆಟ್ ಪಕ್ಕ ಒಬ್ಬರು, ಟಿ.ವಿ.ಯ ಪಕ್ಕ ಇಬ್ಬರು. ಚಪ್ಪಲಿ ಇಟ್ಟವರು ಮೆಟ್ಟಿಕೊಂಡರೆ ಜಾಗ ಹೋದೀತೆಂದು ಬರಿಗಾಲಲ್ಲೇ ಚಪ್ಪಲಿಯ ಬದಿಗೆ ನಿಂತರು. ಬಾಣಂತಿಯ ತಂಬಿಗೆಗೆ ಅವಳ ಅತ್ತೆ ಬಂದಿದ್ದಳು.

ಏಳು ಹೊಡೆಯಿತು.

"ಈಗ ಏನ್ ಮಾಡಬೇಕ ಬೇ?" ಎಂದು ಕೇಳಿದಳು ಭವಾನಿ.

"ಏನ್ ಮಾಡಾಕಂತ ಇಟ್ಟೀರಿ, ಅದನ್ನ ಮಾಡ್ರಿ," ಎಂದಳು ಶಾಹಜಾದಬಿ. ಹೇಳಿ ಒಂದು ಬಂಡೆಯ ಮೇಲೆ ಕೂತಳು. ಮಗುವಿಗೆ ಊಟ ಮಾಡಿಸುವವಳಿಗೆ ಅವಸರ ಇರಬಾರದು ಎಂಬುದು ಅವಳಿಗೆ ಗೊತ್ತಿತ್ತು.

ಏನು ಮಾಡಲೆಂದು ಇಟ್ಟಿದ್ದೇವೆಂದು ಯಾರಿಗೂ ನೆನಪಾಗಲಿಲ್ಲ. ಒಬ್ಬ ಕೂತ, ಒಬ್ಬ ಎದ್ದ. ತೌಸೀಫನ ಹುಡುಗರು ಹನ್ನೊಂದು ಕಡೆ ಹನ್ನೊಂದು ಬ್ಯಾಟಿನ ಪಕ್ಕ ನಿಂತಿದ್ದರಿಂದ ಚೆಂಡು ಹಾಕುವವರೇ ಇರಲಿಲ್ಲ. ಮಾಸ್ತರರದೇ ಪಡಿಪಾಟಲು. ಛತ್ರಿಯ ಬಳಿ ನಿಂತರೆ ಕೋಲಿನ ಪಾಳಿ ಹೋಗುತ್ತಿತ್ತು, ಕೋಲಿನ ಬಳಿ ಓಡಿದರೆ ಚೀಲದ್ದು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡಾಡಿ ಅವರಿಗೆ ಆ ತಿಂಗಳಿಡೀ ಆಗದ ವ್ಯಾಯಾಮ ಒಂದೇ ತಾಸಿನಲ್ಲಿ ಆಯಿತು.

ಬಿಸಿಲು ಏರಿತು. ಒಲೆಯ ಮೇಲೆ ಇಟ್ಟು ಬಂದದ್ದು ನೆನಪಾದವರು ಚಡಪಡಿಸಿದರು. ಯಲಬುರ್ಗಾದ ಕಡೆಯಿಂದ ಒಂದು ಕರಿ ಮೋಡ ತಲೆ ಎತ್ತಿತು. ಆ ಮೋಡವನ್ನು ಪಂಪಾಪತಿ ನೋಡಿದ. ಮೇಲಿನ ಹಗ್ಗದ ಬಳಿ ನಿಂತಿದ್ದವನು ಕೆಳಗೆ ಟ್ರಾಲಿಯ ಕಡೆ ನೋಡಿದ, ಮತ್ತೆ ಮೋಡ ನೋಡಿದ. ಎರಡು ದಿನದಿಂದ ಗುಂಪೆಯಲ್ಲೇ ಇದ್ದ ಜೋಳ. ಟ್ರಾಲಿಯ ಮೇಲಿಂದ ಹಬೆ ಏಳುವುದು ಅಲ್ಲಿ ನಿಂತವರೆಲ್ಲರಿಗೂ ಕಾಣುತ್ತಿತ್ತು. ಅವನು ತಲೆಗೆ ಸುತ್ತಿದ ಟವೆಲ್ ತೆಗೆದು ಮುಖ ಒರೆಸಿಕೊಂಡ, ಬೆವರಿತ್ತೋ ಇನ್ನೇನಿತ್ತೋ. ಬೈಯುವಾಗ ಅವನನ್ನು ನೋಡಿ ಗೊತ್ತಿದ್ದ ಜನಕ್ಕೆ ಸುಮ್ಮನೆ ನಿಂತ ಪಂಪಾಪತಿಯನ್ನು ನೋಡುವುದು ಕಷ್ಟವಾಯಿತು.

ಭವಾನಿ ಅತ್ತ ತಿರುಗಿದಳು, ಇತ್ತ ತಿರುಗಿದಳು. ಕೊನೆಗೆ ತಡೆಯಲಾರದೆ ತನ್ನ ಕೊಡವನ್ನು ಸೊಂಟಕ್ಕೆ ಏರಿಸಿದಳು.

"ಏ ಪಂಪಣ್ಣ! ನಿನ್ನ ಜ್ವಾಳ ಮೊಳಕಿ ಒಡದ್ರ ನಾವೆಲ್ಲಾ ಹಬ್ಬಕ್ಕ ಅದನ್ನ ಪಲ್ಯ ಮಾಡಬೇಕಾಕ್ಕೈತಿ. ತಗೋ, ಇಲ್ಲಿ ಹರವು. ನನ್ನ ಕೌದಿ ಇನ್ನೂ ಒಗದ ಇಲ್ಲ."

"ಒಗದ ಇಲ್ಲಂದ್ರ ಕೊಡ ಯಾಕ ಇಟ್ಟಿದ್ದಿ?"

"ನೀ ಇಟ್ಟಿ ಅಂತ ಇಟ್ಟೆ!"

ಇಡೀ ದಿನ್ನೆ ನಕ್ಕಿತು. ಅವಳ ಓಣಿಯ ಹೆಂಗಸರೂ ಕೊಡ ಎತ್ತಿದರು. ಒಮ್ಮೆ ಎತ್ತಲು ಸುರುವಾಯಿತೆಂದರೆ ಆಮೇಲೆ ಇಟ್ಟುಕೊಂಡು ನಿಂತವರಿಗೇ ನಾಚಿಕೆ. ಬಕೆಟ್, ಪುಟ್ಟಿ, ತೊಟ್ಟಿಲು ಒಂದೊಂದಾಗಿ ಎದ್ದವು. ಹನ್ನೊಂದು ಬ್ಯಾಟು ಒಂದು ಕಡೆ ಸೇರಿದವು. ಹುಡುಗರು ಹೋಗಿ ಟ್ರ್ಯಾಕ್ಟರಿಗೆ ದಾರಿ ಮಾಡಿದರು. ಮಾಸ್ತರರು ಕೊನೆಯವರೆಗೂ ಕಾದು, ಯಾರೂ ಉಳಿಯಲಿಲ್ಲವೆಂದು ಖಾತ್ರಿಯಾದ ಮೇಲೆ ಛತ್ರಿ ಬಗಲಿಗಿಟ್ಟು, ಕೋಲು ಒಂದು ಕೈಗೆ, ಚೀಲ ಒಂದು ಕೈಗೆ ಹಿಡಿದು ನಿಂತರು.

ಅದೇ ಹೊತ್ತಿಗೆ ಪಿಡಿಒ ಮೇಡಂ ಅವರ ಜೀಪು ಬಂತು. ಹಿಂದೆ ಒಂದು ಟ್ರಾಲಿಯಲ್ಲಿ ತಂತಿಯ ಸುರುಳಿಗಳು.

ಮೇಡಂ ಇಳಿದು ನೋಡಿದರು. ಊರಿಗೆ ಊರೇ ಗುಡ್ಡದ ಮೇಲೆ, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಹಳೇ ಸಾಮಾನು. "ಏನ್ರಿ ಇದು? ಸ್ವಚ್ಛತಾ ಕಾರ್ಯಕ್ರಮ ಮಾಡಾಕ ಹತ್ತೀರೇನು?"

"ಹೌದ್ರಿ ಮೇಡಂ," ಎಂದರು ಮಾಸ್ತರರು ಕಣ್ಣು ಪಿಳುಕಿಸದೆ.

ಮೇಡಂ ಮುಖ ನೋಡಬೇಕಿತ್ತು. "ಅಯ್ಯ, ಎಂಥಾ ಛಲೋ ಆತು! ನನಗ ಮ್ಯಾಲಿಂದ ದಿನಾ ಫೋಟೋ ಕೇಳಿ ಕೇಳಿ ಜೀವ ತಿಂದಾರ." ಮೊಬೈಲ್ ತೆಗೆದು ಹಿಡಿದರು. "ನಿಂದರ್ರಿ, ಬಾಗಿ ಎತ್ತೂದು ಬರಬೇಕು. ಎಲ್ಲಾರೂ ಒಮ್ಮಿ ಕೆಳಗ ಇಡ್ರಿ, ಇಟ್ಟು ಮತ್ತ ಎತ್ರಿ."

ಜನ ಬಾಗಿದರು. ಭವಾನಿಯ ಕೊಡ ಸೊಂಟದಿಂದ ಇಳಿಯತೊಡಗಿತು. ಟಿ.ವಿ. ಹಿಡಿದವರು, ಹೊಸದಾಗಿ ಸಿಗುವುದಾದರೆ ಸ್ವಲ್ಪ ಸಮ ಜಾಗ ಸಿಗಲಿ ಎಂಬಂತೆ ಅತ್ತಿತ್ತ ಕಣ್ಣಾಡಿಸಿದರು.

"ಯಾರೂ ಕೆಳಗ ಇಡಬ್ಯಾಡ್ರಿ!"

ಆ ದನಿ ತನ್ನದೇ ಎಂದು ಶಾಹಜಾದಬಿಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ಅವಳು ಅಷ್ಟು ಜೋರಾಗಿ ಆಡುಗಳನ್ನೂ ಕೂಗಿದವಳಲ್ಲ. ಜೋಳ ಹರವುತ್ತಿದ್ದವರು ನಿಂತರು. ಮೇಡಂ ಮೊಬೈಲ್ ಕೆಳಗಿಳಿಸಿದರು. ಅಧಿಕಾರಿಯ ಮಾತಿಗೆ ಅಡ್ಡ ಬಂದ ಮೇಲೆ ಇನ್ನೇನು ಉಳಿಯಿತು ಎಂದುಕೊಂಡಳು. ಆದರೂ ಹೇಳಲೇಬೇಕಾಗಿತ್ತು.

"ತಪ್ಪ ತಿಳ್ಕೋಬ್ಯಾಡ್ರಿ ಮೇಡಂ. ಇವರು ಇಟ್ರ ಮತ್ತ ಎತ್ತಂಗಿಲ್ರಿ. ನಿನ್ನಿ ಮುಂಜಾನಿಂದ ಎತ್ತಸಾಕ ಹತ್ತೀನ್ರಿ ನಾನು."

ಮೇಡಂಗೆ ಅರ್ಥವಾಗಲಿಲ್ಲ. ತೌಸೀಫ ಒಂದಿಷ್ಟು, ಭವಾನಿ ಒಂದಿಷ್ಟು, ಬಾಣಂತಿಯ ಅತ್ತೆ ಒಂದಿಷ್ಟು ಹೇಳಿ ಅರ್ಥ ಮಾಡಿಸಿದರು. ಹೊರಸಿನ ಸುದ್ದಿಗೆ ಬರುವಾಗ ಮೇಡಂ ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ನಕ್ಕು ಮುಗಿಸಿ, ಮತ್ತೆ ಅಧಿಕಾರಿಯ ಮುಖ ಮಾಡಿಕೊಂಡು, "ಅದೆಲ್ಲಾ ಇರಲಿ. ನಾ ಹೇಳಿದ್ದು ಹೇಳಿದ್ದ. ಅರ್ಜಿ ಏನರ ಐತೇನ್ರಿ ಇವತ್ತ?" ಎಂದರು.

ಶಾಹಜಾದಬಿಯ ಕಣ್ಣು ಮಾಸ್ತರರ ಮೇಲುಕಿಸೆಗೆ ಹೋಯಿತು. ಮಡಚಿದ ಬಿಳಿ ಕಾಗದದ ತುದಿ ಅಲ್ಲಿ ಕಾಣುತ್ತಿತ್ತು. ಅವಳ ಕಣ್ಣ ಹಿಂದೆಯೇ ಊರವರೆಲ್ಲರ ಕಣ್ಣೂ ಹೋದವು.

ಮಾಸ್ತರರು ಕೆಮ್ಮಿದರು. ಬರೆದ ಅರ್ಜಿಯನ್ನು ಕೊಡದೆ ಉಳಿಸಿಕೊಂಡವರಲ್ಲ ಅವರು. ಬಲಗೈ ಕಿಸೆಗೆ ಹೋಗಲು ನೋಡಿತು, ಅದರಲ್ಲಿ ಕೋಲಿತ್ತು. ಎಡಗೈ ನೋಡಿತು, ಅದರಲ್ಲಿ ಚೀಲ. ಬಗಲು ಬಿಚ್ಚಿದರೆ ಛತ್ರಿ ಬೀಳುತ್ತಿತ್ತು. "ತೌಸೀಫ, ಇದನ್ನೊಂಚೂರು ಹಿಡಿಯೋ ತಮ್ಮಾ," ಎಂದರು.

"ನನ್ನ ಕೈಯಾಗ ಬ್ಯಾಟ ಅದಾವ್ರಿ ಸರ್."

"ಭವಾನಿ..."

"ಕೊಡ ಐತ್ರಿ ಮಾಸ್ತರ್ರ," ಎಂದು ಅವಳು ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು.

ಮಾಸ್ತರರು ಸುತ್ತ ನೋಡಿದರು. ಇಡೀ ಊರಿನಲ್ಲಿ ಯಾರದೂ ಕೈ ಖಾಲಿ ಇರಲಿಲ್ಲ. ಮೆಲ್ಲಗೆ ಮೊಣಕಾಲು ಬಗ್ಗಿಸಿ ಚೀಲವನ್ನು ಹುಲ್ಲಿನ ಮೇಲೆ ಇಡಲು ಹೋದರು.

"ಕೆಳಗ ಇಡಬ್ಯಾಡ್ರಿ ಮಾಸ್ತರ್ರ," ಎಂದಳು ಶಾಹಜಾದಬಿ. ಈ ಸಲ ಕೂಗಲಿಲ್ಲ. ಮಲಗಿದ ಕೂಸಿಗೆ ಕೇಳದ ಹಾಗೆ ಮಾತಾಡುವಷ್ಟು ಮೆತ್ತಗೆ ಅಂದಳು. "ನಾಲ್ಕ ಆಡು ಅದಾವ್ರಿ ನಂದು. ಶಮಾ ನಿಮ್ಮ ಕೈಯಾಗ ಕಲ್ತ ಹುಡುಗಿ."

ಮಾಸ್ತರರು ಅರ್ಧ ಬಾಗಿದಲ್ಲೇ ನಿಂತರು. ಅವರ ಕಣ್ಣಿಗೆ ಏನು ಬಂತೋ ಅವರಿಗೇ ಗೊತ್ತು. ಸೊಂಟ ಹಿಡಿದುಕೊಂಡು ನೆಟ್ಟಗಾದರು, ಚೀಲ ಕೈಯಲ್ಲೇ ಇತ್ತು.

"ಏನೂ ಇಲ್ರಿ ಮೇಡಂ," ಎಂದರು. "ಹೊಗಳಿಕಿ ಪತ್ರ ಒಂದ ಬರಿಯೂದೈತಿ, ಅದನ್ನ ಆಮ್ಯಾಲ ಕೊಡ್ತೀನ್ರಿ."

ಫೋಟೋ ಹಾಗೆಯೇ ತೆಗೆಯಲಾಯಿತು. ಸೊಂಟದ ಮೇಲೆ ಕೊಡ, ಕೈಯಲ್ಲಿ ಒಂದೊಂದು ಚಪ್ಪಲಿ ಹಿಡಿದು ನಿಂತ ಊರು. ಮೇಡಂ ಅದಕ್ಕೆ 'ಗಾಯರಾಣ ಸ್ವಚ್ಛತೆ' ಎಂದು ಬರೆದು ಅಲ್ಲೇ ಕಳಿಸಿಬಿಟ್ಟರು. ತಂತಿ ತಂದಾಗಿತ್ತು, ವಾಪಸು ಒಯ್ಯುವಂತಿರಲಿಲ್ಲ. ಶಾಲೆಯ ಹಿಂದಿನ ಕೈತೋಟಕ್ಕೆ ಸುತ್ತಿರಿ ಎಂದು ಹೇಳಿ ಜೀಪು ಹತ್ತಿದರು. ಹತ್ತುವ ಮುಂಚೆ ಶಾಹಜಾದಬಿಯನ್ನು ಕರೆದು, ರೇಷನ್ ಕಾರ್ಡಿನ ಕೆಲಸಕ್ಕೆ ಸೋಮವಾರ ಬರಲು ಹೇಳಿದರು.

ಮೋಡ ಕುಷ್ಟಗಿಯ ಕಡೆ ಸರಿದುಹೋಯಿತು. ಜನ ತಮ್ಮ ತಮ್ಮ ಸಾಮಾನು ಹೊತ್ತು ಇಳಿದರು. ಎಡಗಾಲು ಬಲಗಾಲು ಹೊಂದಿಸಿಕೊಳ್ಳುವುದಕ್ಕೇ ಅರ್ಧ ತಾಸು ಹಿಡಿಯಿತು. ಶಾಹಜಾದಬಿ ಮನೆಗೆ ಹೋಗಿ ಆಡುಗಳನ್ನು ಬಿಚ್ಚಿ ತಂದಳು. ಎರಡು ದಿನದ ಹಸಿವು. ದಿನ್ನೆ ಕಂಡದ್ದೇ ನಾಲ್ಕೂ ಕೈ ತಪ್ಪಿಸಿಕೊಂಡು ಓಡಿದವು. ಅವಳು ಮತ್ತೆ ಅದೇ ಬಂಡೆಯ ಮೇಲೆ ಕೂತಳು. ಮಗಳಿಗೆ ಫೋನ್ ಮಾಡಬೇಕು, ಆದರೆ ಏನೆಂದು ಹೇಳುವುದು, ಎಲ್ಲಿಂದ ಸುರು ಮಾಡುವುದು ಎಂದು ಯೋಚಿಸುತ್ತಿದ್ದಳು. ಅಷ್ಟರಲ್ಲಿ ಮೇಲಿನಿಂದ ಪಂಪಾಪತಿಯ ಗಂಟಲು ದಿನ್ನೆಯನ್ನೇ ಸೀಳಿಕೊಂಡು ಬಂತು.

"ಏ ಶಾಜಾದವ್ವ! ಎಲ್ಲಿ ಸತ್ತೀ? ನಿನ್ನ ಹಾಸ್ಟೆಲ್ ನನ್ನ ಜ್ವಾಳದಾಗ ಹೊಕ್ಕೈತಿ! ಪರೀಕ್ಷಿನೂ ಬಂತು! ಹಿಡಿಯವಾ, ಹಿಡಿ, ಇಲ್ಲಂದ್ರ ಎರಡರದೂ ಕಾಲ ಮುರೀತೀನಿ ಇವತ್ತ!"

ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು. ಅವನು ಬೈಯುತ್ತಲೇ ಇದ್ದ, ಅವಳ ಆಡುಗಳನ್ನು, ಗಂಡನನ್ನು, ಸಮಿತಿಯನ್ನು, ಹೊಸದಾಗಿ ನೆನಪಾದದ್ದನ್ನೆಲ್ಲ. ಅರ್ಜಿಯಲ್ಲಿ ಅಲ್ಲ, ಬಾಯಿಂದಲೇ ಬೈಯುತ್ತಿದ್ದ.

"ಬಂದೆ ಪಂಪಣ್ಣ, ಬಂದೆ!" ಎನ್ನುತ್ತ ಏರು ಹತ್ತುವಾಗ ಅವಳಿಗೆ ನಗು ತಡೆಯಲಾಗಲಿಲ್ಲ.